ಎಂಎಸ್ ಇರೋರಿಗೆ ವ್ಯಾಯಾಮದಿಂದ ತಲೆ ಚುರುಕಾಗುತ್ತಾ? ಆಗಿದ್ದೋರು ಹೇಳಿ

#1 ಮರೆಗುಳಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು ಬೆನ್ನುಹುರಿಯ ನರದ ಹೊದಿಕೆ ಕೆಡೋ ಕಾಯಿಲೆ) ಅಂತ ಗೊತ್ತಾಗಿ ಆರು ವರ್ಷ ಆಯ್ತು, ರಿಲ್ಯಾಪ್ಸಿಂಗ್ ಬಗೆ, ಅಂದ್ರೆ ಆಗಾಗ ಮರುಕಳಿಸಿ ಮತ್ತೆ ಇಳಿಯೋದು. ಕೊನೇ ರಿಲ್ಯಾಪ್ಸ್ ಆಗಿ ಎರಡೂವರೆ ವರ್ಷ. ಎಂಆರ್‌ಐನಲ್ಲಿ ಹೊಸ ಕಲೆ (ಗಾಯದ ಗುರುತು) ಇಲ್ಲ. ಬಲಗಾಲು ಸ್ವಲ್ಪ ಎಳೆಯುತ್ತೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತೊಂದರೆ ಇರೋದು ತಲೆಯೊಳಗೆ.

ಪಾಠ ಮಾಡುವಾಗ ಹುಡುಗ ಪ್ರಶ್ನೆ ಕೇಳ್ತಾನೆ. ಕೇಳಿಸುತ್ತೆ, ಅರ್ಥಾನೂ ಆಗುತ್ತೆ, ಉತ್ತರಾನೂ ಗೊತ್ತು. ಅದು ಬಾಯಿಗೆ ಬರೋಷ್ಟರಲ್ಲಿ ಪಕ್ಕದ ಬೆಂಚಿನ ಹುಡುಗಿ ಹೇಳಿ ಕೂತಿರ್ತಾಳೆ. ಇಬ್ಬರು ಒಟ್ಟಿಗೆ ಮಾತಾಡಿದ್ರೆ ಇಬ್ಬರದೂ ತಲೆಗೆ ಹೋಗಲ್ಲ. ಹಾಜರಿ ಕೂಗ್ತಾ ಕೂಗ್ತಾ ಎಲ್ಲಿದ್ದೆ ಅನ್ನೋದೇ ಮರೆತು ಮತ್ತೆ ಮೊದಲಿಂದ ಶುರು ಮಾಡಿದ್ದೂ ಉಂಟು. ಮಕ್ಕಳು ನಕ್ಕರು. ನಾನೂ ನಕ್ಕೆ.

ಡಾಕ್ಟರಿಗೆ ಹೇಳಿದೆ. ಮಂಡಿಗೆ ಸುತ್ತಿಗೆ ತಟ್ಟಿದರು, ಗೆರೆ ಮೇಲೆ ನಡೆಸಿದರು, "ಚೆನ್ನಾಗೇ ಇದ್ದೀರಲ್ಲ, ವ್ಯಾಯಾಮ ಮಾಡಿ, ತಲೆಗೂ ಒಳ್ಳೇದು" ಅಂದ್ರು. ಯಾವ ವ್ಯಾಯಾಮ, ಎಷ್ಟು ಹೊತ್ತು, ಒಳ್ಳೇದು ಅಂದ್ರೆ ಏನಾಗುತ್ತೆ ಅಂತ ಕೇಳೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿದ್ರು. (ಅಲ್ಲೂ ನಾನು ಲೇಟು.)

ನಿಮ್ಮಲ್ಲಿ ಯಾರಿಗಾದ್ರೂ ನಿಜವಾಗ್ಲೂ ಪ್ರಯೋಜನ ಆಗಿದ್ಯಾ? ಧೈರ್ಯ ಹೇಳೋದು ಬೇಡ, ಆಗಿದ್ದು ಹೇಳಿ.

#2 ಪೆಡಲ್_ತುಳಿಯೋಳು

ಆಗುತ್ತೆ ಮೇಷ್ಟ್ರೇ, ನನಗೆ ಆಗಿದೆ. ಒಂಬತ್ತು ವರ್ಷದ ಎಂಎಸ್ ನಂದು. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಮನೇಲೇ ಎಕ್ಸರ್‌ಸೈಜ್ ಸೈಕಲ್ ತುಳೀತೀನಿ. ಮುಂಚೆ ಆಫೀಸಿನ ಒಂದು ಮೇಲ್ ತಲೆಗೆ ಹತ್ತಬೇಕಂದ್ರೆ ಮೂರು ಸಲ ಓದ್ಬೇಕಿತ್ತು. ಈಗ ಒಂದೂವರೆ ಸಲ ಸಾಕು!

ಇದಕ್ಕೆ ಸಂಶೋಧನೆಯ ಆಧಾರಾನೂ ಇದೆ. ಮೂರು ತಿಂಗಳು ಸೈಕಲ್ ತುಳಿದವರಿಗೆ ಹಿಪೊಕ್ಯಾಂಪಸ್, ಅಂದ್ರೆ ಮೆದುಳಲ್ಲಿ ಹೊಸ ನೆನಪು ಕೂಡಿಡೋ ಜಾಗ, 16.5% ದೊಡ್ಡದಾಯ್ತು. ನೆನಪಿನ ಪರೀಕ್ಷೆಯಲ್ಲಿ ಅಂಕ 53.7% ಏರಿತು. ಇನ್ನೇನು ಬೇಕು? ನಾಳೆಯಿಂದಲೇ ಶುರು ಮಾಡಿ.

#3 ಎರಡು_ಸಲ_ಓದು

ಆ ಅಂಕಿಗಳು ನಿಜ, 2014ರ ಪ್ರಬಂಧ ಅದು. ಆದರೆ "ತುಳಿದವರಿಗೆ" ಅಂದಿರಲ್ಲ ಮೇಡಂ, ಎಡವಟ್ಟು ಇರೋದೇ ಅಲ್ಲಿ. ತುಳಿದವರು ಒಬ್ಬರೇ! ಇಡೀ ಪ್ರಯೋಗದಲ್ಲಿ ಇದ್ದದ್ದು ಇಬ್ಬರು. ಒಬ್ಬರು ಸೈಕಲ್ ತುಳಿದರು, ಇನ್ನೊಬ್ಬರು ಮೈಕೈ ಚಾಚುವ ವ್ಯಾಯಾಮ ಮಾಡಿದರು. ಬರೆದವರೂ ಅದನ್ನು ಮುಚ್ಚಿಟ್ಟಿಲ್ಲ, ಮುಂದೆ ದೊಡ್ಡದಾಗಿ ನೋಡಬೇಕು ಅಂತ ಇಟ್ಟ ಪುಟ್ಟ ಹೆಜ್ಜೆ ಅದು. ಆಮೇಲೆ ಜನ "ಇಬ್ಬರು" ಅನ್ನೋದನ್ನ ಬಿಟ್ಟು "16.5%" ಅನ್ನೋದನ್ನ ಮಾತ್ರ ಎತ್ತಿಕೊಂಡು ಊರೆಲ್ಲ ಸುತ್ತಿದರು.

ನನಗೂ ಎಂಎಸ್ ಇದೆ, ನಾನೂ ವ್ಯಾಯಾಮ ಮಾಡ್ತೀನಿ. ವ್ಯಾಯಾಮದ ಮೇಲೆ ನನಗೇನೂ ಹಗೆ ಇಲ್ಲ, ಲೆಕ್ಕ ಮಾತ್ರ ಸರಿ ಇರಲಿ.

#4 ಪೆಡಲ್_ತುಳಿಯೋಳು

ಅಯ್ಯೋ, ಇಬ್ಬರೇನಾ? ಎರಡು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳ್ಕೊಂಡು ಬಂದಿದ್ದೀನಲ್ಲ. ಆದ್ರೂ ನನ್ನ ಒಂದೂವರೆ ಸಲದ ಲೆಕ್ಕ ನಂದೇ, ಅದನ್ನ ಕಿತ್ಕೋಬೇಡಿ.

#5 ಫಿಸಿಯೋ_ಕೋಣೆಯಿಂದ

ಹದಿನಾಲ್ಕು ವರ್ಷದಿಂದ ನರರೋಗದವರ ಜೊತೆ ಕೆಲಸ ಮಾಡೋ ಫಿಸಿಯೋ ನಾನು. ಮೇಷ್ಟ್ರು ಹೇಳಿದ್ದು ದಿನಾ ಕೇಳೋ ಮಾತು. ಮೊದಲಿಗೆ ಒಂದು ವಿಷಯ: ಅದು ಮರೆವಲ್ಲ ಸರ್, ಕನಿಷ್ಠ ಪಕ್ಷ ಮೊದಲಿಗೆ ಮರೆವಲ್ಲ. ನಿಧಾನ. ನರದ ತಂತಿಗೆ ಸುತ್ತಿರೋ ಮಯಲಿನ್ ಹೊದಿಕೆ ಅಲ್ಲಲ್ಲಿ ಕಿತ್ತುಹೋದಾಗ ಸಂದೇಶ ತಡವರಿಸಿಕೊಂಡು ಹೋಗುತ್ತೆ. ಒಂದು ತಂತಿಯಲ್ಲಾದ್ರೆ ಗೊತ್ತಾಗಲ್ಲ. ಮೆದುಳಿನ ಬೇರೆ ಬೇರೆ ಭಾಗ ಸೇರಿ ಮಾಡೋ ಕೆಲಸಕ್ಕೆ ಎಷ್ಟೋ ತಂತಿ ಬೇಕು, ಅಲ್ಲಿ ತಡವೆಲ್ಲ ಒಟ್ಟಾಗಿ ಕಾಣಿಸುತ್ತೆ. ಎಂಎಸ್ ಇರೋರಲ್ಲಿ 40ರಿಂದ 65% ಜನಕ್ಕೆ ಯೋಚನೆ, ಗಮನ, ನೆನಪಿನ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತೆ. ಅದರಲ್ಲಿ ಮುಂದೆ ನಿಲ್ಲೋದು ಈ ನಿಧಾನವೇ. 19ನೇ ಶತಮಾನದಲ್ಲಿ ಈ ಕಾಯಿಲೆಯನ್ನು ಸರಿಯಾಗಿ ಬಿಡಿಸಿ ಬರೆದ ಶಾರ್ಕೋ ಅನ್ನೋ ಫ್ರೆಂಚ್ ವೈದ್ಯ ಆಗಲೇ ರೋಗಿಗಳ ನೆನಪು ಕುಗ್ಗಿರೋದನ್ನ, ಯೋಚನೆ ನಿಧಾನವಾಗಿರೋದನ್ನ ಗುರುತು ಮಾಡಿದ್ದ. ಆಮೇಲೆ ನೂರು ವರ್ಷ ಎಲ್ಲರ ಕಣ್ಣೂ ಕಾಲ ಮೇಲೇ ಇತ್ತು.

ಅಂಗವಿಕಲತೆ ಅಳೆಯೋಕೆ ನಮ್ಮಲ್ಲಿ ಬಳಸೋ ಇಡಿಎಸ್‌ಎಸ್ ಅನ್ನೋ ಅಳತೆಗೋಲು 0ಯಿಂದ 10ರವರೆಗೆ ಹೋಗುತ್ತೆ. 4 ದಾಟಿದ ಮೇಲೆ ಅದು ಹೆಚ್ಚುಕಮ್ಮಿ ನಡಿಗೆ, ಓಡಾಟ ನೋಡೋದೇ. ಮೇಷ್ಟ್ರ ಡಾಕ್ಟರು "ಚೆನ್ನಾಗಿದ್ದೀರಿ" ಅಂದಿದ್ದು ಈ ಲೆಕ್ಕದಲ್ಲಿ.

ತಲೆಗೆ ಬೇರೆ ಪರೀಕ್ಷೆ ಇದೆ, ಎಸ್‌ಡಿಎಂಟಿ ಅಂತ. ಒಂದು ಹಾಳೆ. ಮೇಲೆ ಒಂಬತ್ತು ಚಿಹ್ನೆ, ಪ್ರತಿ ಚಿಹ್ನೆಗೆ 1ರಿಂದ 9ರ ಒಂದೊಂದು ಅಂಕಿ. ಕೆಳಗೆ ಸಾಲು ಸಾಲು ಚಿಹ್ನೆ, ಅಂಕಿ ಇಲ್ಲ. 90 ಸೆಕೆಂಡಿನಲ್ಲಿ ಎಷ್ಟಕ್ಕೆ ಸರಿಯಾದ ಅಂಕಿ ಹೇಳ್ತೀರಿ ಅನ್ನೋದೇ ನಿಮ್ಮ ಅಂಕ. ಬಾಯಲ್ಲಿ ಹೇಳಿದರೂ ನಡೆಯುತ್ತೆ, ಹಾಗಾಗಿ ಕೈ ನಡುಗೋರಿಗೂ ಅಡ್ಡಿಯಿಲ್ಲ. ಮುಂದಿನ ಸಲ ಹೋದಾಗ ಅದನ್ನೇ ಹೆಸರು ಹಿಡಿದು ಕೇಳಿ. ಒಂದು ಅಂಕ ಕೈಯಲ್ಲಿ ಇಲ್ಲದೆ ಚುರುಕಾಯ್ತೋ ಇಲ್ಲವೋ ಅಂತ ನೋಡೋದು ತಕ್ಕಡಿ ಇಲ್ಲದೆ ತೂಕ ಹೇಳಿದ ಹಾಗೆ.

#6 ಗಾಲಿ_ಮ್ಯಾಲಿನ_ಗೌಡ

ಎಲ್ಲಾರೂ ನಡೀರಿ, ಸೈಕಲ್ ತುಳೀರಿ ಅಂತೀರಿ. ನಂದು ಸೆಕೆಂಡರಿ ಪ್ರೊಗ್ರೆಸಿವ್ ಐತ್ರಿ, ಅಂದ್ರ ಮೆಲ್ಲಕ ಏರಕೋತ ಹೋಗೂ ಬಗಿ. ನಾಕ ವರ್ಷ ಆತು, ವ್ಹೀಲ್‌ಚೇರ್ ಮ್ಯಾಲೇ ಅದೀನಿ. ಕಾಲು ಬಿಗದು ಕಟಗಿ ಆಗ್ತಾವ. ಹಂಗಾರ ನಮ್ಮಂಥವ್ರ ತಲಿ ಚುರುಕ ಆಗೂದ ಬ್ಯಾಡೇನು?

#7 ಫಿಸಿಯೋ_ಕೋಣೆಯಿಂದ

ತಪ್ಪಾಯ್ತು ಗೌಡ್ರೇ, ನೀವು ಕೇಳಿದ್ದು ಸರಿ. ಹೃದಯಕ್ಕೆ ಕಾಲು ಯಾವುದು ಕೈ ಯಾವುದು ಅಂತ ಗೊತ್ತಿಲ್ಲ, ಉಸಿರು ಏರಿದರೆ ಸಾಕು ಅದಕ್ಕೆ. ಕೈಯಲ್ಲಿ ತಿರುಗಿಸೋ ಪೆಡಲ್ ಸಿಗುತ್ತೆ, ಮೇಜಿನ ಮೇಲಿಟ್ಟು ತಿರುಗಿಸಬಹುದು. ಒರಗಿ ಕೂತು ಕೈಕಾಲು ಎರಡರಲ್ಲೂ ದೂಡೋ ಸ್ಟೆಪ್ಪರ್ ಇದೆ, ಅದರಲ್ಲಿ ಕೈ ಬಲದಿಂದ ಕಾಲೂ ಆಡುತ್ತೆ. ಬಿಗಿತ ಜಾಸ್ತಿ ಇದ್ರೆ ಶುರುವಿನಲ್ಲಿ ಐದು ನಿಮಿಷ ತೀರಾ ನಿಧಾನ, ಆಮೇಲೆ ವೇಗ. ರಬ್ಬರ್ ಬ್ಯಾಂಡ್ ಕುರ್ಚಿಗೆ ಕಟ್ಟಿ ಎಳೆಯೋದೂ ಲೆಕ್ಕಕ್ಕೆ ಬರುತ್ತೆ. ಭುಜ ಮಾತ್ರ ಕಾಪಾಡ್ಕೊಳ್ಳಿ, ನಿಮಗೆ ಕಾಲಿನ ಕೆಲಸಾನೂ ಅದೇ ಮಾಡ್ಬೇಕಲ್ಲ.

#8 ಅವರ_ಮನೆಯವಳು

ಎಂಎಸ್ ಇರೋದು ನನಗಲ್ಲ, ನಮ್ಮವರಿಗೆ. ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಸಂಜೆ ಇಬ್ಬರೂ ವಾಕಿಂಗ್ ಹೋಗ್ತೀವಿ. ಸುಮ್ಮನಿದ್ರೆ ಚೆನ್ನಾಗೇ ನಡೀತಾರೆ. ನಾನು ಏನಾದ್ರೂ ಕೇಳಿದೆ ಅನ್ನಿ, ನಿಂತುಬಿಡ್ತಾರೆ. ನಿಂತು, ಉತ್ತರ ಹೇಳಿ, ಮತ್ತೆ ಹೆಜ್ಜೆ ಎತ್ತುತ್ತಾರೆ. ನಡೀತಾನೇ ಉತ್ತರ ಕೊಡೋಕೆ ಹೋದ ದಿನ ಎಡವಿ ಮೊಣಕೈ ತರಚಿಕೊಂಡರು. ಮನೇಲೂ ಅಷ್ಟೇ. ಟೀವಿ ಹಾಕಿರುವಾಗ ನಾನು ಮಾತಾಡಿದ್ರೆ ಮುಖ ನೋಡ್ತಾರೆ, ಉತ್ತರ ಬರಲ್ಲ. ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ ಅಂದ್ಕೊಂಡು ವರ್ಷಗಟ್ಟಲೆ ಜಗಳ ಆಡಿದ್ದೀನಿ. ಮೇಷ್ಟ್ರು "ಇಬ್ಬರು ಒಟ್ಟಿಗೆ ಮಾತಾಡಿದ್ರೆ" ಅಂತ ಬರೆದದ್ದು ಓದಿ ಎದ್ದು ಹೋಗಿ ಟೀವಿ ಆರಿಸಿ ಬಂದೆ.

#9 ಫಿಸಿಯೋ_ಕೋಣೆಯಿಂದ

ಅಮ್ಮಾ, ಅವರು ನಿಲ್ಲೋದು ಜಾಣತನ, ನಿಲ್ಲಲಿ ಬಿಡಿ. ನಡಿಗೆ ಬೇರೆಯವರಿಗೆ ತನ್ನಷ್ಟಕ್ಕೆ ನಡೆಯುತ್ತೆ, ಇವರಿಗೆ ಅದಕ್ಕೂ ಗಮನ ಬೇಕು. ಇರೋ ಗಮನ ಎರಡು ಪಾಲಾದ್ರೆ ಎರಡಕ್ಕೂ ಸಾಲಲ್ಲ. ಇದಕ್ಕೇ ಅಂತ ಅಭ್ಯಾಸ ಮಾಡಿಸ್ತೀವಿ, ನಡೀತಾ ಹಿಂದಿನಿಂದ ಅಂಕಿ ಎಣಿಸೋದು, ತಟ್ಟೆ ಹಿಡಿದು ನಡೆಯೋದು ಹೀಗೆ. ಮನೇಲಿ ಮಾಡಿಸೋಕೆ ಹೋಗ್ಬೇಡಿ, ಪಕ್ಕದಲ್ಲಿ ಹಿಡಿಯೋಕೆ ಗೊತ್ತಿರೋರು ಬೇಕು.

#10 ಎರಡು_ಸಲ_ಓದು

ಮೇಷ್ಟ್ರ ಮೂಲ ಪ್ರಶ್ನೆಗೆ ಬರೋಣ. ಇಬ್ಬರ ಪ್ರಯೋಗ ಬಿಡಿ, ದೊಡ್ಡದೊಂದು ಆಗಿದೆ. ಹೆಸರು ಕಾಗ್‌ಎಕ್ಸ್, ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಬಂತು. ಆರು ದೇಶ, ಹನ್ನೊಂದು ಕೇಂದ್ರ, ಪ್ರೊಗ್ರೆಸಿವ್ ಎಂಎಸ್ ಇರುವ 311 ಜನ. ವಯಸ್ಸು 25ರಿಂದ 65. ಎಲ್ಲರಿಗೂ ಎಸ್‌ಡಿಎಂಟಿಯಲ್ಲಿ ಅಂಕ ಕಡಿಮೆ ಇದ್ದದ್ದನ್ನು ನೋಡಿಯೇ ಸೇರಿಸಿಕೊಂಡಿದ್ದರು. ಇದು ಮುಖ್ಯ, ಯಾಕಂದ್ರೆ ಹಳೆಯ ಎಷ್ಟೋ ಪ್ರಯೋಗಗಳಲ್ಲಿ ತಲೆ ಚೆನ್ನಾಗೇ ಇರೋರನ್ನೂ ಸೇರಿಸಿ ಆಮೇಲೆ "ಸುಧಾರಣೆ ಕಾಣಲಿಲ್ಲ" ಅಂತ ಬರೆದಿದ್ದಾರೆ. ಹಸಿವಿಲ್ಲದವನಿಗೆ ಬಡಿಸಿ ಊಟ ಸೇರಲಿಲ್ಲ ಅಂದ ಹಾಗೆ.

ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಕಂಪ್ಯೂಟರಿನಲ್ಲಿ ಗಮನದ ತರಬೇತಿ ಜೊತೆಗೆ ಉಸಿರು ಏರಿಸುವ ವ್ಯಾಯಾಮ. ಎರಡನೆಯದಕ್ಕೆ ತರಬೇತಿ ನಿಜ, ವ್ಯಾಯಾಮ ಹೆಸರಿಗಷ್ಟೇ, ಅಂದ್ರೆ ಮೈ ಚಾಚೋದು, ಸಮತೋಲನ. ಮೂರನೆಯದಕ್ಕೆ ವ್ಯಾಯಾಮ ನಿಜ, ತರಬೇತಿಯ ಬದಲು ಇಂಟರ್ನೆಟ್ ಬಳಸೋ ಪಾಠ. ನಾಲ್ಕನೆಯದಕ್ಕೆ ಎರಡೂ ಹೆಸರಿಗಷ್ಟೇ. ವಾರಕ್ಕೆ ಎರಡು ಸಲ, 12 ವಾರ.

ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಉಸಿರು ಏರಿಸಿದವರು ಬರೀ ಮೈ ಚಾಚಿದವರಿಗಿಂತ ಮುಂದೆ ಹೋಗಲಿಲ್ಲ. ಹಾಗಾಗಿ "ವ್ಯಾಯಾಮ ಮಾಡಿ, ಬ್ರೈನ್ ಫಾಗ್ (ತಲೆಯ ಮಂಜು) ಹೋಗುತ್ತೆ" ಅಂತ ಹೇಳುವವರು ಒಂದು ಕ್ಷಣ ನಿಲ್ಲಬೇಕು. ಸಣ್ಣ ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಅಳೆದ ವಿಮರ್ಶೆಗಳೂ ಸ್ಪಷ್ಟವಾಗಿ ಹೌದು ಅಂದಿಲ್ಲ.

#11 ಪೆಡಲ್_ತುಳಿಯೋಳು

ಅಲ್ಲಿಗೆ ನಾನು ಎರಡು ವರ್ಷ ಬೆವರು ಸುರಿಸಿದ್ದು ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯ್ತಾ?

#12 ಎರಡು_ಸಲ_ಓದು

ಇಲ್ಲ, ಇರಿ, ನಾನು ಅರ್ಧದಲ್ಲಿ ನಿಲ್ಲಿಸಿದೆ. ಗುಂಪುಗಳ ನಡುವೆ ವ್ಯತ್ಯಾಸ ಇಲ್ಲ ನಿಜ, ಆದರೆ ನಾಲ್ಕೂ ಗುಂಪಿನವರ ಅಂಕ ಏರಿತ್ತು! ಹೆಸರಿಗಷ್ಟೇ ಮಾಡಿದವರದೂ. ಇದನ್ನ ಹೇಗೆ ಓದ್ತೀರಿ ಅನ್ನೋದರಲ್ಲೇ ಎಲ್ಲ ಇರೋದು.

ಒಂದು ಓದು: ಅದೇ ಬಗೆಯ ಪರೀಕ್ಷೆ ಮತ್ತೆ ಮತ್ತೆ ಕೊಟ್ಟರೆ ಅಭ್ಯಾಸಬಲದಿಂದ ಅಂಕ ಏರುತ್ತೆ, ಅಷ್ಟೇ. ಇನ್ನೊಂದು ಓದು: ವಾರಕ್ಕೆ ಎರಡು ಸಲ ಮನೆ ಬಿಟ್ಟು ಹೊರಡೋದು, ಹೊತ್ತಿಗೆ ಸರಿಯಾಗಿ ಒಂದು ಕಡೆ ತಲುಪೋದು, ಯಾರೋ ಹೆಸರು ಹಿಡಿದು ಮಾತಾಡಿಸೋದು, ಏನನ್ನಾದರೂ ಹೊಸದಾಗಿ ಕಲಿಯೋದು, ಇದೇ ಔಷಧದ ಕೆಲಸ ಮಾಡಿರಬಹುದು. ಮನೇಲೇ ಸುಮ್ಮನೆ ಕೂತ ಐದನೇ ಗುಂಪು ಇರಲಿಲ್ಲವಾದ್ದರಿಂದ ಎರಡರಲ್ಲಿ ಯಾವುದು ಅಂತ ಆ ಪ್ರಯೋಗದಿಂದ ಬಿಡಿಸಿ ಹೇಳೋಕಾಗಲ್ಲ. ನಡುವೆ ಕೋವಿಡ್ ಬೇರೆ ಬಂದು ಹೋಯ್ತು. ನನ್ನ ಮನಸ್ಸು ಎರಡನೇ ಓದಿನ ಕಡೆ ವಾಲುತ್ತೆ, ಆದರೆ ಅದು ನನ್ನ ಮನಸ್ಸು, ಪುರಾವೆ ಅಲ್ಲ.

ಇನ್ನೂ ಒಂದು. ಅಲ್ಲಿದ್ದವರೆಲ್ಲ ಪ್ರೊಗ್ರೆಸಿವ್ ಬಗೆಯವರು. ಮೇಷ್ಟ್ರದು, ನಿಮ್ಮದು ರಿಲ್ಯಾಪ್ಸಿಂಗ್ ಆಗಿದ್ರೆ ಆ ಉತ್ತರವನ್ನ ಹಾಗೇ ಎತ್ತಿ ಇಲ್ಲಿಡೋಕೂ ಬರಲ್ಲ. 20 ನಿಮಿಷ ನಡೆದ ಮೇಲೆ ಅಥವಾ ಸೈಕಲ್ ತುಳಿದ ಮೇಲೆ ಆ ಕ್ಷಣಕ್ಕೆ ಗಮನದ ಹಿಡಿತ ಸ್ವಲ್ಪ ಬಿಗಿಯಾದದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ನಿಮ್ಮ ಮೇಲ್ ಓದೋ ಹೊತ್ತು ಸೈಕಲ್ ಇಳಿದ ಮೇಲೋ ಮುಂಚೆಯೋ?

#13 ಪೆಡಲ್_ತುಳಿಯೋಳು

ಇಳಿದು, ಸ್ನಾನ ಮಾಡಿ, ಲ್ಯಾಪ್‌ಟಾಪ್ ತೆಗೀತೀನಿ. ಓಹೋ.

#14 ಬಿಸಿಗೆ_ಆಗದವಳು

ಯಾರೂ ಹೇಳದ ಒಂದು ಮಾತು, ನನಗೆ ಆದದ್ದು. ಶುರುವಿನ ಹುಮ್ಮಸ್ಸಿನಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮುಕ್ಕಾಲು ಗಂಟೆ ತುಳಿದೆ. ಇಳಿದಾಗ ಎಡಗಣ್ಣು ಮಂಜು. ಗೋಡೆಯ ಗಡಿಯಾರದ ಮುಳ್ಳೇ ಕಾಣಲಿಲ್ಲ. ಮೊದಲ ರಿಲ್ಯಾಪ್ಸ್ ಕಣ್ಣಿಗೇ ಆಗಿದ್ದು ನನಗೆ, ಮತ್ತೆ ಬಂತು ಅಂತ ಅತ್ತುಕೊಂಡು ಆಸ್ಪತ್ರೆಗೆ ಹೊರಟೆ. ಕಾರಿನ ಎಸಿಯಲ್ಲಿ ಕೂತು ಹೋಗ್ತಾ ಹೋಗ್ತಾ ಅರ್ಧ ದಾರಿಯಲ್ಲೇ ಅಂಗಡಿಗಳ ಬೋರ್ಡು ಓದೋಕಾಯ್ತು. ಅಲ್ಲಿ ಡ್ಯೂಟಿಯಲ್ಲಿದ್ದವರು "ವ್ಯಾಯಾಮ ನಿಮಗೆ ಆಗಿಬರಲ್ಲ, ಬಿಟ್ಟುಬಿಡಿ" ಅಂದ್ರು. ಒಂದೂವರೆ ವರ್ಷ ಬಿಟ್ಟೆ. ಆ ಒಂದೂವರೆ ವರ್ಷದ ಸಿಟ್ಟು ಇನ್ನೂ ಇದೆ.

#15 ಫಿಸಿಯೋ_ಕೋಣೆಯಿಂದ

ಅಕ್ಕಾ, ನಿಮಗೆ ಆದದ್ದಕ್ಕೆ ಹೆಸರಿದೆ, ಉಥೋಫ್ ಲಕ್ಷಣ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಉಥೋಫ್ ದಣಿದ ಮೇಲೆ ರೋಗಿಗಳ ಕಣ್ಣು ಮಸುಕಾಗೋದನ್ನ ಬರೆದಿಟ್ಟ. ದಣಿವೇ ಕಾರಣ ಅಂದ್ಕೊಂಡರು. ನಿಜವಾದ ಕಾರಣ ಬಿಸಿ ಅಂತ ಗೊತ್ತಾಗೋಕೆ ದಶಕಗಳೇ ಹಿಡಿದವು. ಹೊದಿಕೆ ಹೋದ ನರದಲ್ಲಿ ಮೈಶಾಖ ಅರ್ಧ ಡಿಗ್ರಿ ಏರಿದ್ರೂ ಸಂದೇಶ ನಿಂತುಹೋಗಬಹುದು. ಮೈ ತಣ್ಣಗಾದ್ರೆ ಮತ್ತೆ ಹರಿಯುತ್ತೆ. ಹೊಸ ಗಾಯ ಏನೂ ಆಗಿರಲ್ಲ. ರಿಲ್ಯಾಪ್ಸ್ ಅನ್ನಬೇಕಾದ್ರೆ ಜ್ವರ, ಸೋಂಕು ಇಲ್ಲದೆ 24 ಗಂಟೆಗಿಂತ ಹೆಚ್ಚು ಉಳೀಬೇಕು. ಆದ್ರೂ ಕಣ್ಣು ಮಂಜಾದಾಗ ತೋರಿಸೋಕೆ ಹೋದದ್ದು ತಪ್ಪಲ್ಲ.

ಈ ತಪ್ಪು ಕಲ್ಪನೆಯಿಂದಲೇ ಎಂಎಸ್ ಇರೋರಿಗೆ "ದಣೀಬೇಡಿ, ಸುಮ್ಮನಿರಿ" ಅಂತ ತಲೆಮಾರುಗಟ್ಟಲೆ ಹೇಳ್ಕೊಂಡು ಬಂದಿದ್ದು. 1996ರಲ್ಲಿ 15 ವಾರ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನ ಬಂದ ಮೇಲೇ ಗಾಳಿ ತಿರುಗಿದ್ದು. ಆಮೇಲೆ ಹಲವು ಪ್ರಯೋಗ ಸೇರಿಸಿ ನೋಡಿದ 2014ರ ವಿಮರ್ಶೆಯಲ್ಲಿ ವ್ಯಾಯಾಮದ ಗುಂಪಿನಲ್ಲಿ ರಿಲ್ಯಾಪ್ಸ್ 4.6%, ಮಾಡದ ಗುಂಪಿನಲ್ಲಿ 6.3%. ವ್ಯಾಯಾಮ ರಿಲ್ಯಾಪ್ಸ್ ತರುತ್ತೆ ಅನ್ನೋ ಭಯ ಬಿಡೋಕೆ ಅಷ್ಟು ಸಾಕು.

ಮಾಡೋದು ಹೀಗೆ: ಫ್ಯಾನ್ ಮುಖಕ್ಕೇ ಇರಲಿ, ಶುರು ಮಾಡೋ ಮುಂಚೆ ತಣ್ಣೀರು ಕುಡೀರಿ, ಕುತ್ತಿಗೆಗೆ ಒದ್ದೆ ಬಟ್ಟೆ. ಮುಕ್ಕಾಲು ಗಂಟೆಯನ್ನ ಹತ್ತು ಹತ್ತು ನಿಮಿಷಕ್ಕೆ ಒಡೀರಿ. ಮೂತ್ರದ ಅವಸರಕ್ಕೆ ಹೆದರಿ ನೀರು ಬಿಡೋರು ತುಂಬಾ ಜನ, ಹಾಗೆ ಮಾಡ್ಬೇಡಿ, ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ.

#16 ಹೊಸಬ_27

ನಾನು ಇಂಜೆಕ್ಷನ್ ನಿಲ್ಲಿಸಿ ಬರೀ ವ್ಯಾಯಾಮದಲ್ಲೇ ನೋಡೋಣ ಅಂತಿದ್ದೀನಿ. ಏನಂತೀರಿ?

#17 ಎರಡು_ಸಲ_ಓದು

ಬೇಡ ಕಣಪ್ಪ. ಹೊಸ ಕಲೆ ಬರದ ಹಾಗೆ ತಡೆಯೋದು ಔಷಧ. ಆ ಕೆಲಸ ವ್ಯಾಯಾಮ ಮಾಡುತ್ತೆ ಅಂತ ಯಾರೂ ತೋರಿಸಿಲ್ಲ. ನಿಲ್ಲಿಸೋ ಮಾತಿದ್ರೆ ನಿನ್ನ ನ್ಯೂರೋ ಡಾಕ್ಟರ ಎದುರು ಆಡು, ಇಲ್ಲಲ್ಲ.

#18 ಗಾಲಿ_ಮ್ಯಾಲಿನ_ಗೌಡ

ತಮ್ಮಾ, ನಾನೂ ಒಂದ್ ಕಾಲಕ್ಕ ಔಷಧ ಬಿಟ್ಟಾಂವ. ಗಾಲಿ ಮ್ಯಾಲೆ ಕುಂತು ಬರ್ಯಾಕತ್ತೀನಿ. ಅದಕ್ಕಽ ಹಿಂಗಾತು ಅಂತ ಎದಿ ತಟ್ಟಿ ಹೇಳಾಕ ಬರೂದಿಲ್ಲ, ಆದ್ರ ರಾತ್ರಿ ನಿದ್ದಿ ಬರದಾಗ ಅದಽ ನೆನಪಾಗ್ತೈತಿ.

#19 ಅಕ್ಕನ_ಅನುಭವ

ತಲೆ ಮಂಜಾಗಿದೆ ಅಂದ ಕೂಡಲೇ ಎಲ್ಲ ಎಂಎಸ್ ತಲೆಗೇ ಕಟ್ಟಬೇಡಿ. ನನಗೆ ಮೂತ್ರದ ಅವಸರಕ್ಕೆ ಕೊಟ್ಟ ಮಾತ್ರೆಯೇ ಮಂಪರು ತರ್ತಿತ್ತು. ಆಕ್ಸಿಬ್ಯುಟಿನಿನ್ ಥರದ ಕೆಲವು ಮಾತ್ರೆ ನೆನಪಿಗೆ ಅಡ್ಡ ಬರುತ್ತೆ ಅಂತ ಎರಡು ವರ್ಷ ಆದ ಮೇಲೆ ಯಾರೋ ಹೇಳಿದ್ರು. ಬದಲಾಯಿಸಿದ್ರು, ಅರ್ಧ ಮಂಜು ಹೋಯ್ತು. ಥೈರಾಯ್ಡ್, ಬಿ12, ರಾತ್ರಿ ನಾಲ್ಕು ಸಲ ಎದ್ದು ಕೆಟ್ಟ ನಿದ್ದೆ, ಮನಸ್ಸಿನ ಖಿನ್ನತೆ ಇವನ್ನೂ ನೋಡಿಸಿ. ಖಿನ್ನತೆ ಎಂಎಸ್‌ನಲ್ಲಿ ಬಹಳ ಜನಕ್ಕೆ ಬರುತ್ತೆ, ಹೇಳ್ಕೊಳ್ಳೋರು ಕಡಿಮೆ.

#20 ಫಿಸಿಯೋ_ಕೋಣೆಯಿಂದ

ಅಕ್ಕನ_ಅನುಭವ ಅವರ ಈ ಪೋಸ್ಟನ್ನ ಎಲ್ಲಕ್ಕಿಂತ ಮೇಲೆ ಅಂಟಿಸಿ ಅಂತ ನನ್ನ ಕೋರಿಕೆ. ಸುಸ್ತು ಮತ್ತು ಖಿನ್ನತೆಗೆ ವ್ಯಾಯಾಮದಿಂದ ಉಪಕಾರ ಆಗುತ್ತೆ ಅನ್ನೋ ಪುರಾವೆ ತಲೆಯ ಚುರುಕಿನ ಪುರಾವೆಗಿಂತ ಗಟ್ಟಿ. ಸುಸ್ತು ಇಳಿದವರಿಗೆ "ತಲೆ ತಿಳಿಯಾಯ್ತು" ಅನಿಸಬಹುದು, ಎಸ್‌ಡಿಎಂಟಿ ಅಂಕ ಅಲ್ಲಾಡದೇ ಇದ್ರೂ. ಪೆಡಲ್ ಮೇಡಂ ಅವರದು ಇದೇನಾ ಅಂತ ನನಗೊಂದು ಗುಮಾನಿ.

ಎಷ್ಟು ಮಾಡ್ಬೇಕು ಅಂತ ಮೇಷ್ಟ್ರು ಕೇಳಿದ್ರಲ್ಲ. ಕಡಿಮೆಯಿಂದ ಮಧ್ಯಮ ತೊಂದರೆ ಇರೋರಿಗೆ 2013ರ ಮಾರ್ಗಸೂಚಿ ಹೇಳಿದ್ದು ವಾರಕ್ಕೆ ಎರಡು ಸಲ 30 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಎರಡು ಸಲ ಸ್ನಾಯು ಬಲದ್ದು. 2020ರ ಶಿಫಾರಸು ಓಡಾಟವೂ ಸೇರಿ ವಾರಕ್ಕೆ 150 ನಿಮಿಷ ಅನ್ನುತ್ತೆ, ಅವರವರ ಶಕ್ತಿಗೆ ತಕ್ಕ ಹಾಗೆ ಮೆಲ್ಲಗೆ ಅಲ್ಲಿಗೆ ತಲುಪಿದ್ರೆ ಆಯ್ತು. ಮಧ್ಯಮ ಅಂದ್ರೆ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು. ಮಾರನೇ ದಿನ ಹಾಸಿಗೆ ಬಿಟ್ಟು ಏಳೋಕಾಗದಿದ್ರೆ ಹಿಂದಿನ ದಿನದ್ದು ಜಾಸ್ತಿಯಾಯ್ತು ಅಂತಲೇ.

#21 ಮರೆಗುಳಿ_ಮೇಷ್ಟ್ರು

ಏಳು ವಾರ ಆದ ಮೇಲೆ ಬರೀತಿದ್ದೀನಿ. ಮರೆತಿರಲಿಲ್ಲ, ಹೇಳೋಕೆ ಏನಾದ್ರೂ ಇರಲಿ ಅಂತ ಕಾದೆ.

ಎಸ್‌ಡಿಎಂಟಿ ಹೆಸರು ಹಿಡಿದು ಕೇಳಿದೆ. ಡಾಕ್ಟರು ಕನ್ನಡಕ ಇಳಿಸಿ ನೋಡಿ, ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಮೊದಲ ಸಾಲು ಸಲೀಸಾಗಿ ಹೋಯ್ತು. ಎರಡನೇ ಸಾಲಿನಲ್ಲಿ ಪ್ರತಿ ಚಿಹ್ನೆಗೂ ಕಣ್ಣು ಮೇಲೆ ಹೋಗಿ ಕೆಳಗೆ ಬರ್ತಿತ್ತು. ಕೆಳಗೆ ಬರೋಷ್ಟರಲ್ಲಿ ಯಾವ ಚಿಹ್ನೆ ಅನ್ನೋದೇ ಜಾರಿಹೋಗ್ತಿತ್ತು. 38 ಬಂತು. ನನ್ನ ವಯಸ್ಸು, ಓದಿಗೆ ಕಡಿಮೆಯಂತೆ. ಬೇಜಾರಾಗಬೇಕಿತ್ತು, ಆದರೆ ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಹಗುರ ಅನಿಸಿತು. ಸೋಮಾರಿತನ ಅಲ್ಲ, ವಯಸ್ಸಾಯ್ತು ಅಂತಲೂ ಅಲ್ಲ, ಅದಕ್ಕೊಂದು ಅಂಕ ಇದೆ. ವರ್ಷ ಬಿಟ್ಟು ಮತ್ತೆ ನೋಡೋಣ, ನಾಲ್ಕು ಅಂಕದಷ್ಟು ಮೇಲೆ ಕೆಳಗೆ ಆದ್ರೆ ಗಮನ ಕೊಡೋ ಮಾತು ಅಂದ್ರು.

ಸೈಕಲ್ ಶುರು ಮಾಡಿದ್ದೀನಿ. ಮಂಗಳವಾರ, ಗುರುವಾರ, ಭಾನುವಾರ. ಒಬ್ಬನೇ ಅಲ್ಲ, ಇನ್ನೂ ಮೂವರು ಬರೋ ಫಿಸಿಯೋ ಸೆಂಟರಿನಲ್ಲಿ. ಎರಡು_ಸಲ_ಓದು ಸರ್ ಹೇಳಿದ ಎರಡನೇ ಓದಿನ ಮೇಲೆ ಬಾಜಿ ಕಟ್ಟಿದ್ದೀನಿ ಅಂತಿಟ್ಕೊಳ್ಳಿ. ತಲೆ ಚುರುಕಾಯ್ತಾ ಅಂತ ಕೇಳಿದ್ರೆ, ಗೊತ್ತಾಗ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಬರ್ತಿದ್ದ ಸುಸ್ತಿನ ಕುಸಿತ ಈಗ ನಾಲ್ಕೂವರೆಗೆ ಹೋಗಿದೆ. ಅಂದ್ರೆ ಕೊನೇ ಪಿರಿಯಡ್ ಒಂದು ಉಳೀತು.

ಹಾಜರಿಗೆ ಮಾತ್ರ ವ್ಯಾಯಾಮ ಕಾಯ್ಲಿಲ್ಲ. ಮರದ ಅಡಿಪಟ್ಟಿಯನ್ನ ಹೆಸರಿನ ಕೆಳಗಿಟ್ಟು ಒಂದೊಂದೇ ಸಾಲು ಜಾರಿಸ್ತೀನಿ. ಪ್ರಶ್ನೆ ಕೇಳಿದ ಮೇಲೆ ಹತ್ತು ಎಣಿಸೋವರೆಗೆ ಯಾರೂ ಉತ್ತರ ಹೇಳೋ ಹಾಗಿಲ್ಲ ಅಂತ ಕ್ಲಾಸಿನಲ್ಲಿ ನಿಯಮ ಮಾಡಿದೆ. ನನಗೋಸ್ಕರ ಮಾಡಿದ್ದು. ಹಿಂದಿನ ಬೆಂಚಿನ ಇಬ್ಬರು ಈ ವರ್ಷದಲ್ಲಿ ಮೊದಲ ಸಲ ಕೈ ಎತ್ತಿದರು.

ಒಂದು ಸಂದೇಹ. ಹನ್ನೆರಡನೇ ನಿಮಿಷಕ್ಕೆ ಸರಿಯಾಗಿ ಬಲಪಾದ ಪೆಡಲಿನಿಂದ ಜಾರುತ್ತೆ. ಪಟ್ಟಿ ಕಟ್ಟಿದ್ರೂ ಹಿಮ್ಮಡಿ ಹೊರಗೆ ಬರುತ್ತೆ. ಯಾರಿಗಾದ್ರೂ ಹೀಗೆ ಆಗಿದ್ಯಾ?

#22 ಪೆಡಲ್_ತುಳಿಯೋಳು

ನನಗೂ ಆಗ್ತಿತ್ತು! ಬೆರಳ ಹತ್ತಿರ ಕಟ್ಟೋ ಪಟ್ಟಿ ಸಾಲಲ್ಲ ಮೇಷ್ಟ್ರೇ, ಹಿಮ್ಮಡಿಗೆ ಬಟ್ಟಲಿನ ಥರ ಆಸರೆ ಇರೋ ಪೆಡಲ್ ಹಾಕಿಸಿ. ಮತ್ತೆ ಹನ್ನೊಂದನೇ ನಿಮಿಷಕ್ಕೆ ನಿಲ್ಲಿಸಿ, ಎರಡು ನಿಮಿಷ ಫ್ಯಾನ್ ಕೆಳಗೆ ಕೂತು ಮತ್ತೆ ಹತ್ತಿ. ನನ್ನ ಕಾಲು ಜಾರೋದು ಬಿಸಿಯೇರಿದಾಗ ಮಾತ್ರ ಅಂತ ನನಗೆ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು.